ಹುಳ ಮೇಲೆ ಬಂದ ಮನೆ

ನಮ್ಮೂರಲ್ಲಿ ರಂಗೋಲಿ ಹಾಕುವುದು ಬಿಸಿಲು ಬಿದ್ದ ಮೇಲೆ. ಹೊರಗಿನಿಂದ ಸೊಸೆಯಾಗಿ ಬಂದವರು ಹೊಸದರಲ್ಲಿ ಅತ್ತೆಯ ಹತ್ತಿರ ಸೈ ಅನ್ನಿಸಿಕೊಳ್ಳಲು ನಸುಕಿನಲ್ಲೇ ಎದ್ದು, ಬಾಗಿಲಿಗೆ ನೀರು ಚಿಮುಕಿಸಿ, ಚುಕ್ಕಿ ಇಟ್ಟು, ಎಳೆ ಎಳೆದು ಒಳಗೆ ಹೋಗುತ್ತಾರೆ. ಕಾಫಿ ಕುಡಿದು ಬರುವಷ್ಟರಲ್ಲಿ ರಂಗೋಲಿ ಬಾಗಿಲ ಮುಂದೆ ಇರುವುದಿಲ್ಲ, ಬಚ್ಚಲ ಕಿಟಕಿಯ ಕೆಳಗಿರುತ್ತದೆ. ರಂಗೋಲಿ ಎಲ್ಲೂ ಹೋಗಿರುವುದಿಲ್ಲ. ರಾತ್ರಿ ಅತ್ತಿತ್ತ ಹೋಗಿದ್ದ ಮನೆ ತನ್ನ ಜಾಗಕ್ಕೆ ವಾಪಸ್ಸು ಬಂದಿರುತ್ತದೆ, ಅಷ್ಟೆ.

ಮನೆ ನಿಲ್ಲುವುದು, ಸರಿಯುವುದು ಎಲ್ಲ ನಡುಮನೆಯ ನೀರಿನ ತೊಟ್ಟಿಯೊಳಗಿನ ಹುಳದ ಮೇಲೆ. ಹಗಲು ಹುಳಗಳು ಮರಳಿನೊಳಗೆ ಹೂತುಕೊಂಡಿರುತ್ತವೆ, ಮನೆ ನಿಂತಿರುತ್ತದೆ. ಕತ್ತಲಾದ ಮೇಲೆ ಅವು ಮರಳು ಬಿಟ್ಟು ತೊಟ್ಟಿಯ ಗಾಜಿನ ಮೇಲೆ ಹತ್ತಿ ಪಾಚಿ ಮೇಯುತ್ತವೆ, ಮನೆಯೂ ಒಂದೆರಡು ಮಾರು ಸರಿದಾಡುತ್ತದೆ. ಇದು ಯಾಕೆ ಹೀಗೆ ಎಂದು ಹೊರಗಿನ ನೆಂಟರು ಕೇಳಿ ಕೇಳಿ ನಮ್ಮ ತಲೆ ತಿನ್ನುತ್ತಾರೆ. ನಿಮ್ಮ ಊರಿನ ಮನೆಗಳು ಹಗಲೂ ರಾತ್ರಿ ಒಂದೇ ಕಡೆ ಕೂತಿರುವುದು ಯಾಕೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ? ನಲ್ಲಿಗೆ ರಬ್ಬರ್ ಪೈಪು ಹಾಕಿಸಿಕೊಂಡಿದ್ದೇವೆ, ಕರೆಂಟಿನ ತಂತಿಯನ್ನು ಸಡಿಲವಾಗಿ ಬಿಟ್ಟಿದ್ದೇವೆ, ಕಾಂಪೌಂಡಿನ ಗೋಜಿಗೆ ಹೋಗಿಲ್ಲ. ತಡವಾಗಿ ಮನೆಗೆ ಬರುವ ಗಂಡಸರು ಬಾಗಿಲು ತಪ್ಪಿ ಗೋಡೆ ಬಡಿದರೂ ಕುಡಿದಿದ್ದಾರೆ ಎಂದು ಯಾರೂ ಅನುಮಾನಪಡುವಂತಿಲ್ಲ. ಅದೊಂದು ಅನುಕೂಲ.

ತೊಟ್ಟಿ ಪ್ರತಿ ಮನೆಯ ನಡುಮನೆಯಲ್ಲೂ ಇರುತ್ತದೆ. ಗಾಜಿನದು. ತಳದಲ್ಲಿ ಒಂದು ಗೇಣು ನುಣುಪು ಮರಳು, ಮರಳಿನಲ್ಲಿ ಬೇರುಬಿಟ್ಟ ಉದ್ದನೆಯ ಹುಲ್ಲು, ಹುಲ್ಲಿನ ನಡುವೆ ನಾಲ್ಕಾರು ಗಪ್ಪಿ ಮೀನು. ಮೀನು ಬರೀ ಚಂದಕ್ಕೆ. ಕೆಲಸ ಮಾಡುವವು ಬಸವನಹುಳುಗಳು. ಹೊಲದಲ್ಲಿ ಕಾಣುವ ಉರುಟು ಚಿಪ್ಪಿನವಲ್ಲ, ಗುಂಡುಸೂಜಿಯಷ್ಟರಿಂದ ಹಿಡಿದು ಕಿರುಬೆರಳ ತುದಿಯಷ್ಟಿರುವ, ಚೂಪು ಚಿಪ್ಪಿನ ಹುಳಗಳು. ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತವೆ. ಹಗಲೆಲ್ಲ ಮರಳನ್ನು ಒಳಗೊಳಗೇ ಉಳುತ್ತಿರುತ್ತವೆ. ಅವು ಉತ್ತರೆ ಮರಳು ಕೊಳೆಯುವುದಿಲ್ಲ, ಹುಲ್ಲಿನ ಬೇರು ಕಪ್ಪಾಗುವುದಿಲ್ಲ. ಊರೊಳಗೇ ಮದುವೆಯಾದರೆ ಹೆಣ್ಣು ತನ್ನ ತವರಿನ ತೊಟ್ಟಿಯಿಂದ ಒಂದು ತಂಬಿಗೆ ಮರಳು, ಹುಳ ಸಮೇತ ತರಬೇಕು. ಅದನ್ನು ಗಂಡನ ಮನೆಯ ತೊಟ್ಟಿಗೆ ಸುರಿದ ಮೇಲೇ ಹೊಸಿಲು ದಾಟುವುದು. ಆದರೆ ಸುರಿಯುವವರು ಅತ್ತೆ. ತೊಟ್ಟಿಗೆ ಕೈ ಹಾಕುವ ಹಕ್ಕು ಮನೆಯ ಹಿರಿಯ ಹೆಂಗಸೊಬ್ಬಳಿಗೇ. ಇನ್ನು ತನ್ನ ಕೈಲಾಗದು ಎನ್ನಿಸಿದ ದಿನ ಅವಳು ಸೊಸೆಯ ಬಲಗೈ ಹಿಡಿದು ನೀರಿನಲ್ಲಿ ಅದ್ದುತ್ತಾಳೆ. ಅಲ್ಲಿಂದ ತೊಟ್ಟಿ ಸೊಸೆಯದು.

ನಾನು ಮೇಲುಬೀದಿಯಿಂದ ಕೆರೆಬೀದಿಗೆ ಸೊಸೆಯಾಗಿ ಬಂದು ತಲೆಗೂದಲು ನೆರೆಯುತ್ತಾ ಬಂದಿತ್ತು, ನನ್ನ ಕೈ ಇನ್ನೂ ಒಣಗಿಯೇ ಇತ್ತು. ನಮ್ಮತ್ತೆ ಚಿಕ್ಕತಾಯಮ್ಮನವರು ತೊಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ತಲೆದಿಂಬಿನ ಕೆಳಗೆ ಮಂಡಿನೋವಿನ ಮಾತ್ರೆ ಇಟ್ಟುಕೊಂಡು, ಅಲ್ಲೇ ಉಂಡು, ಅಲ್ಲೇ ಮಲಗಿ ಅದನ್ನು ಕಾಯುತ್ತಿದ್ದರು. ನಾನು ಗಾಜು ಒರೆಸಲು ಬಟ್ಟೆ ಹಿಡಿದು ಹತ್ತಿರ ಹೋದರೂ ಸಾಕು, "ಹೊರಗಡೆಯಿಂದ ಒರೆಸು ಭಾಗ್ಯ, ಒಳಕ್ಕೆ ನಾನಿವ್ನಿ" ಅನ್ನುತ್ತಿದ್ದರು. ನಾನು ಮಾಡಿದ ಸಾರಿಗೆ ಉಪ್ಪು ಕಡಿಮೆ ಎನ್ನುವುದು, ತೊಟ್ಟಿಗೆ ಕೈ ಹಾಕಬೇಡ ಎನ್ನುವುದು, ಈ ಎರಡು ಮಾತು ಅವರ ಬಾಯಿಂದ ಬರದ ದಿನವಿರಲಿಲ್ಲ. ನನಗೂ ಕೇಳಿ ಕೇಳಿ ರೋಸಿಹೋಗಿತ್ತು.

ಆಮೇಲೆ ಒಂದು ದಿನ ಬೆಳಗ್ಗೆ ಬಿಸಿಲು ಬಿದ್ದು, ಮನೆ ಕೂತಿದೆ ಎಂದುಕೊಂಡು ನಾನು ಬಾಗಿಲಿಗೆ ರಂಗೋಲಿ ಹಾಕಿದೆ. ಒಲೆಗೆ ಎಸರಿಟ್ಟು ಹೊರಗೆ ಬಂದರೆ ರಂಗೋಲಿ ಇಲ್ಲ. ಸುತ್ತು ಹಾಕಿ ಹುಡುಕಿದೆ. ಮನೆಯ ಹಿಂದುಗಡೆ, ಹಿತ್ತಲ ಬಾಗಿಲಿನ ಹತ್ತಿರ, ಇದ್ದ ಹಾಗೇ ಇತ್ತು. ಮನೆ ಅದರ ಮೇಲೆಯೇ ಹಾದು ಮುಂದಕ್ಕೆ ಬಂದಿತ್ತು, ಹಾಡುಹಗಲಿನಲ್ಲಿ. ಒಳಗೆ ಓಡಿ ನೋಡಿದರೆ ತೊಟ್ಟಿಯ ಗಾಜು ಕಾಣುತ್ತಿಲ್ಲ, ಅಷ್ಟು ಹುಳ. ಸಣ್ಣವು, ದೊಡ್ಡವು, ಮರಿಗಳು, ಎಲ್ಲ ಮರಳು ಬಿಟ್ಟು ನೀರಿನ ಅಂಚಿನವರೆಗೆ ಹತ್ತಿ ಒತ್ತೊತ್ತಾಗಿ ಕೂತಿದ್ದವು. ನಮ್ಮನೆಯಲ್ಲಿ ಅಷ್ಟು ಹುಳ ಇದ್ದಾವೆಂದೇ ನನಗೆ ಗೊತ್ತಿರಲಿಲ್ಲ. ಅತ್ತೆ ಚಾಪೆಯ ಮೇಲೆ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು.

ನಮ್ಮದು ಕೆರೆಬೀದಿಯ ಕೊನೆಯ ಮನೆ. ಮುಂದೆ ಒಂದು ಹುಣಸೆಮರ, ಆಮೇಲೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಕೆರೆ. ನಮಗಿಂತ ಮುಂದೆ ಹಿಂದೊಮ್ಮೆ ಸಿದ್ದಲಿಂಗಪ್ಪನವರ ಮನೆ ಇತ್ತಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಹೆಂಚಿನ ಸೂರು ಈಗಲೂ ಕಾಣುತ್ತದೆ, ಅದರ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತವೆ. ನೀರಿಗಿಳಿದ ಮನೆ ವಾಪಸ್ಸು ಬಂದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ.

ನನ್ನ ಗಂಡ ಮರಿಸ್ವಾಮಿ ಸೈಕಲ್ ಶಾಪು ಮುಚ್ಚಿ ಓಡಿಬಂದರು. ಬಂದವರೇ ತೇರೆಳೆಯುವಷ್ಟು ದಪ್ಪನೆಯ ಹಗ್ಗ ತಂದು ಮನೆಯ ಹಿಂದಿನ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಬೀದಿಯ ಅರಳಿಮರಕ್ಕೆ ಬಿಗಿದರು. ಬೀದಿಯವರೆಲ್ಲ ಕೈ ಹಚ್ಚಿದರು. ಸಂಜೆಯ ಹೊತ್ತಿಗೆ ಹಗ್ಗ ಬಿಗಿದದ್ದು ಬಿಗಿದಂತೆಯೇ ಇತ್ತು, ಕಂಬ ಮಾತ್ರ ಕಿತ್ತು ಬಂದು ಅರಳಿಮರದ ಬುಡದಲ್ಲಿ ಬಿದ್ದಿತ್ತು.

ಮರುದಿನ ಕೆಂಪರಾಜಣ್ಣ ಬಂದರು. ಊರಿನ ಎಲ್ಲ ತೊಟ್ಟಿಗಳ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡಿರುವ ಮನುಷ್ಯ, ಕರೆಯದಿದ್ದರೂ ಬರುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ತೊಟ್ಟಿಯನ್ನು ಸುತ್ತು ಬಂದು, ಗಂಟಲು ಸರಿಮಾಡಿಕೊಂಡು, "ಇದು ಮೇಲುಬೀದಿ ಹುಳದ ಕೆಲ್ಸ" ಎಂದರು.

"ಅಂದ್ರೆ?" ಎಂದೆ.

"ನಿನ್ ತವರಿಂದು ಕಣಮ್ಮ. ದಿಣ್ಣೆ ಮೇಲಿನ ಹುಳ, ಕೆರೆ ಕಡೆ ಮರಳು ಒಗ್ಗಕ್ಕಿಲ್ಲ. ಅವು ಎದ್ದವೆ, ಬ್ಯಾರೆವನ್ನೂ ಎಬ್ಬಿಸ್ಯವೆ."

"ನಾನು ತಂದು ಹಾಕಿದ್ ಹುಳ ಸತ್ತು, ಅದರ ಮಕ್ಕಳು ಸತ್ತು, ಮೊಮ್ಮಕ್ಕಳೂ ಸತ್ತಿರ್ತವೆ ಕೆಂಪರಾಜಣ್ಣ. ಈಗ ಅವಕ್ಕೆ ತವರು ನೆನಪಾಯ್ತಾ?"

ಬೀದಿಯವರು ನಕ್ಕರು. ಆದರೆ ನಗುತ್ತಲೇ ನನ್ನನ್ನು ಒಂದು ಥರಾ ನೋಡಿದರು. ಕೆಂಪರಾಜಣ್ಣನಿಗೆ ಮುಖಭಂಗವಾಯಿತೇನೋ, ಇರುವ ನೀರನ್ನೆಲ್ಲ ಚೆಲ್ಲಿ ಬೋರಿನ ಹೊಸ ನೀರು ತುಂಬಿಸಿದರೆ ಎರಡು ಬೀದಿಯ ಹುಳಗಳ ಜಗಳ ನಿಲ್ಲುತ್ತದೆ ಎಂದು ಪರಿಹಾರ ಹೇಳಿ ಹೋದರು. ಅತ್ತೆ ಬೇಡ ಅನ್ನುತ್ತಾರೆಂದುಕೊಂಡೆ. "ಏನಾರ ಮಾಡ್ಕಳಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ತೊಟ್ಟಿಗೆ ಕೈ ಅದ್ದದೆ, ತಂಬಿಗೆಯಲ್ಲಿ ಮೊಗೆದು ನೀರು ಬದಲಾಯಿಸಿದ್ದೂ ಆಯಿತು. ತಣ್ಣನೆಯ ಬೋರಿನ ನೀರು ಬಿದ್ದದ್ದೇ ಎರಡು ಮೀನು ತೇಲಿದವು, ಹುಳಗಳು ನೀರನ್ನೂ ಬಿಟ್ಟು ತೊಟ್ಟಿಯ ಅಂಚಿಗೆ ಬಂದವು, ಮನೆ ಅದೇ ಮಧ್ಯಾಹ್ನ ಹುಣಸೆಮರಕ್ಕೆ ಭುಜ ಒರಸಿಕೊಂಡು ಆಚೆ ಹೋಯಿತು. ಒಣಹಾಕಿದ್ದ ಬಟ್ಟೆಗಳು ಕೊಂಬೆಗೆ ಸಿಕ್ಕಿಕೊಂಡು ಅಲ್ಲೇ ಉಳಿದವು.

ಬೀದಿಯವರು ಬಂದು ನಮ್ಮ ಪಾತ್ರೆಪಗಡ, ಅಕ್ಕಿಮೂಟೆ, ಟ್ರಂಕು ಎಲ್ಲವನ್ನೂ ಹೊರಗೆ ಸಾಗಿಸಲು ಶುರುಮಾಡಿದರು. ಮೇಲುಬೀದಿಯಿಂದ ನನ್ನ ತಮ್ಮ ಬಂದು, ಎಲ್ಲರೂ ನಮ್ಮಲ್ಲಿಗೇ ಬನ್ನಿ ಎಂದು ಕರೆದ. ಅತ್ತೆ ಮಾತ್ರ ಚಾಪೆ ಬಿಟ್ಟು ಏಳಲಿಲ್ಲ.

"ಅವ್ವ, ಹಟ ಮಾಡ್ಬೇಡ, ಏಳು" ಎಂದು ನನ್ನ ಗಂಡ ಬೇಡಿಕೊಂಡರು.

"ಮನೆ ಎತ್ತ ಹೋಯ್ತದೋ ನಾನೂ ಅತ್ತ ಹೋಯ್ತೀನಿ. ನೀವು ಹೊರಡಿ ಮಗ."

ನನ್ನ ಗಂಡ ಮುಖ ಆ ಕಡೆ ತಿರುಗಿಸಿಕೊಂಡು ಹೊರಗೆ ಹೋದರು. ಕೂತ ಕೂತಲ್ಲೇ ಕೆರೆಗೆ ಹೋಗುತ್ತೇನೆ ಎನ್ನುವವರನ್ನು ಏನು ಮಾಡುವುದು? ಎತ್ತಿಕೊಂಡೇ ಹೊರಗೆ ತರೋಣವೆಂದು ನಾನು ಬಗ್ಗಿ ಅವರ ಕಂಕುಳಿಗೆ ಕೈ ಕೊಟ್ಟೆ. ಎತ್ತಿದೆ. ಅವರು ಭಾರವೇ ಇರಲಿಲ್ಲ. ಸೆರಗು, ರವಿಕೆ, ಮೇಲೊಂದು ಸ್ವೆಟರು, ಇಷ್ಟರೊಳಗೆ ಅವರು ಎಷ್ಟು ಕರಗಿಹೋಗಿದ್ದರೆಂದು ದಿನಾ ಎದುರಿಗೆ ತಟ್ಟೆ ಇಡುತ್ತಿದ್ದ ನನಗೇ ಗೊತ್ತಾಗಿರಲಿಲ್ಲ. ತಟ್ಟೆ ಮಾತ್ರ ದಿನಾ ಖಾಲಿಯಾಗಿ ಬರುತ್ತಿತ್ತು. ಆಗ ಇನ್ನೊಂದೂ ಹೊಳೆಯಿತು. ಸಾರಿಗೆ ಉಪ್ಪು ಕಡಿಮೆ ಎಂದು ಅವರು ಅಂದು ಯಾವ ಕಾಲವಾಗಿತ್ತು?

ಅವರನ್ನು ಹಾಗೇ ಮೆಲ್ಲಗೆ ಕೂರಿಸಿದೆ. ತೊಟ್ಟಿಯನ್ನು ನೋಡಿದೆ. ಹುಲ್ಲಿನ ಎಲೆಗಳು ಬುಡದಿಂದಲೇ ಕರಗಿ ತೇಲುತ್ತಿದ್ದವು. ಮರಳಿನೊಳಗಿಂದ ಒಂದೊಂದೇ ಗುಳ್ಳೆ ಎದ್ದು ಮೇಲೆ ಬಂದು ಒಡೆಯುತ್ತಿತ್ತು, ಒಡೆದಾಗ ಕೊಳೆತ ಮೊಟ್ಟೆಯ ವಾಸನೆ. ನಾನು ಏನನ್ನೂ ಯೋಚಿಸಲಿಲ್ಲ, ಬಳೆ ಮೇಲಕ್ಕೆ ಸರಿಸಿ ಬಲಗೈಯನ್ನು ಮೊಣಕೈವರೆಗೆ ತೊಟ್ಟಿಯೊಳಗೆ ಇಳಿಸಿದೆ.

"ಅಯ್ಯೋ ಕೈ ತೆಗಿಯೇ! ತೆಗಿ ಕೈಯ!" ಅತ್ತೆ ಚಾಪೆಯಿಂದ ಎದ್ದೇಬಿಟ್ಟರು. ಅಷ್ಟು ದಿನದಲ್ಲಿ ಅವರ ಗಂಟಲಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಮೊದಲು.

ನಾನು ತೆಗೆಯಲಿಲ್ಲ. ಮರಳಿನೊಳಗೆ ಬೆರಳು ಹಾಕಿ ಬಗೆದು ಒಂದು ಹಿಡಿ ಮೇಲೆತ್ತಿದೆ. ಕಪ್ಪು ಕೆಸರಿನ ಜೊತೆ ರಾಗಿಮುದ್ದೆಯ ತುಣುಕುಗಳು ಬಂದವು. ಇನ್ನೊಂದು ಹಿಡಿ ತೆಗೆದೆ. ಮುದ್ದೆ, ಅವರೆಕಾಳು, ಮತ್ತೆ ಮುದ್ದೆ. ಒಂದೂ ಅಗಿದದ್ದಲ್ಲ, ಮುರಿದು ಬೆರಳಲ್ಲಿ ಅದುಮಿದ ತುತ್ತುಗಳು. ಊಟದ ತಟ್ಟೆಯ ಪಕ್ಕದಲ್ಲೇ ತೊಟ್ಟಿ, ಅದಕ್ಕೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಬಚ್ಚಿಡಲು ಇಡೀ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಎಲ್ಲಿದೆ? ಹುಳಗಳು ಪಾಪ ತಿನ್ನುವಷ್ಟು ತಿಂದಿದ್ದವು, ತಿಂದು ತಿಂದು ಮರಿ ಹಾಕಿದ್ದವು, ಅವುಗಳ ಕೈಯಲ್ಲೂ ಆಗದೆ ಉಳಿದದ್ದು ಒಳಗೇ ಕೊಳೆತಿತ್ತು. ಅಂಥ ಮರಳಲ್ಲಿ ಯಾವ ಹುಳ ತಾನೇ ಇರುತ್ತದೆ?

"ಏನತ್ತೆ ಇದು?" ಎಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಎದೆಯ ಮಧ್ಯಕ್ಕೆ ಬೆರಳು ಇಟ್ಟು ತೋರಿಸಿದರು. "ಮುದ್ದೆ ಇಲ್ಲಿ ನಿಂತ್ಕತದೆ ಕಣಮ್ಮಿ. ಕೆಂಡ ನುಂಗ್ದಂಗಾಯ್ತದೆ. ನಮ್ಮಕ್ಕಂಗೂ ಹಿಂಗೇ ಸುರುವಾಗಿದ್ದು. ಗಡ್ಡೆ ಅಂದ್ರು. ಆಸ್ಪತ್ರೆ ಆಸ್ಪತ್ರೆ ಅಂತ ತಿರುಗ್ಸಿ ತಿರುಗ್ಸಿ, ಕಡೀಕೆ ಒಂದು ಗುಟುಕು ನೀರೂ ಇಳೀದಂಗೆ ಹೋದ್ಲು. ನಿಮಗ್ಯಾಕೆ ಆ ಗೋಳು? ಮನೆ ಜೊತೆಗೇ ನಾನೂ ಹೋದ್ರೆ ಯಾರ್ಗೂ ತೊಂದ್ರೆ ಇಲ್ಲ ಅಂತ..."

"ಮನೆ ಹೋಗ್ಲಿ ಅಂತ ಬಿಟ್ರಾ? ನಿಮ್ಮನೆ, ನೀವು ಕಾದಿದ್ ಮನೆ?"

"ಮೊದ್ಲು ಹುಳ ಎದ್ದಾಗ ಹೆದ್ರುಕಂಡೆ. ಹೇಳಾದ್ರೆ ಗಂಟಲಿಂದೂ ಹೇಳ್ಬೇಕಾಯ್ತದಲ್ಲ." ಅವರು ಅತ್ತರು. ನಾನು ಅವರನ್ನು ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ನೋಡಿದ್ದೇನೆ, ಅಳುವುದನ್ನು ನೋಡಿರಲಿಲ್ಲ. ಕೆಸರು ಮೆತ್ತಿದ ಕೈಯಲ್ಲೇ ಅವರನ್ನು ತಬ್ಬಿಕೊಂಡೆ. ನನಗೂ ಅಳು ತಡೆಯಲಾಗಲಿಲ್ಲ.

ದೊಡ್ಡಾಸ್ಪತ್ರೆ ಇರುವ ಊರಿಗೆ ಬಸ್ಸು ಹೊರಡುವುದು ಬೆಳಗ್ಗೆ ಒಂದೇ ಸಲ. ಮನೆ ಆಗಲೇ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವಿತ್ತು. ನಾಳೆ ನಾವು ವಾಪಸ್ಸು ಬರುವ ಹೊತ್ತಿಗೆ ಅದು ಇರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ನಾನು ಗಂಡನನ್ನು ಕರೆದು ಎರಡೂ ವಿಷಯ ಹೇಳಿದೆ. ಅವರು ಅವ್ವನನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಏನು ಮಾಡಲೂ ತೋಚದೆ ತಲೆಯ ಮೇಲೆ ಕೈಹೊತ್ತು ಕೂತರು.

"ಕೂರೋ ಹೊತ್ತಲ್ಲ ರೀ ಇದು. ಅತ್ತೇನ ನಾನು ಕರ್ಕೊಂಡ್ ಹೋಗ್ತೀನಿ. ನೀವು ತೊಟ್ಟಿ ನೋಡ್ಕೊಳ್ಳಿ. ಪೈಪಲ್ಲಿ ಎಳೆದು ಕೊಳೆತ ಮರಳೆಲ್ಲ ತೆಗೀರಿ. ಹೊಸ ನೀರು ಒಂದೇ ಸಲ ಸುರೀಬೇಡಿ, ಬಕೆಟ್ಟಲ್ಲಿ ಇಟ್ಟು ಹದವಾದ ಮೇಲೆ ಚೂರು ಚೂರೇ ಹಾಕಿ. ತಿನ್ನೋಕೆ ಒಂದು ಕಾಳೂ ಹಾಕ್ಬೇಡಿ."

"ನಾನಾ? ತೊಟ್ಟಿಗಾ?" ಎಂದರು. ನಮ್ಮೂರಲ್ಲಿ ಗಂಡಸು ತೊಟ್ಟಿಗೆ ಕೈ ಹಾಕಿದ್ದುಂಟೇ? ಬಾಗಿಲಲ್ಲಿ ನಿಂತಿದ್ದ ಕೆಂಪರಾಜಣ್ಣ ಕೆಮ್ಮಿದರು.

"ಹಾಕಲಿ ಬುಡು" ಎಂದರು ಅತ್ತೆ. ನನ್ನ ಗಂಡ ಎದ್ದು ಪೈಪು ತಂದರು. ಕೆಂಪರಾಜಣ್ಣ ಅದನ್ನು ಮೊದಲು ಬಾಯಲ್ಲಿ ಎಳೆದರೇ ನೀರು ಬರುವುದೆಂದು ಹೇಳಿಕೊಡಲು ಹೋಗಿ, ತಾವೇ ಎಳೆದು ತೋರಿಸಿ, ಒಂದು ಗುಟುಕು ಕೊಳೆನೀರು ಕುಡಿದು ಹೊರಗೆ ಓಡಿದರು. ಪಾಪ ಅನ್ನಿಸಿತು, ಆದರೂ ಸ್ವಲ್ಪ ಸಮಾಧಾನವೂ ಆಯಿತು.

ಆ ರಾತ್ರಿ ಅತ್ತೆ ಮತ್ತು ನಾನು ಮೇಲುಬೀದಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಮಲಗಿ, ಬೆಳಗ್ಗೆ ಬಸ್ಸು ಹತ್ತಿದೆವು. ಆಸ್ಪತ್ರೆಯಲ್ಲಿ ಅವರ ಬಾಯಿಂದ ಸಣ್ಣ ನಳಿಗೆ ಇಳಿಸಿ ಒಳಗೆಲ್ಲ ನೋಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮನೆ ಬೇಕಾದರೆ ತಗೋ, ಇವರನ್ನು ಬಿಟ್ಟುಬಿಡು ಎಂದು ಮನಸ್ಸಿನಲ್ಲಿ ಬಂದದ್ದನ್ನು ಕಂಡು ನನಗೇ ಆಶ್ಚರ್ಯವಾಯಿತು. ಇದೇ ಹೆಂಗಸಿನ ಮೇಲೆ ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೆ!

ಡಾಕ್ಟರಮ್ಮ ಹೊರಗೆ ಬಂದು ನನ್ನನ್ನು ಕರೆದರು. "ನಿಮ್ಮತ್ತೆ ಮಂಡಿನೋವಿನ ಮಾತ್ರೆ ಹೇಗೆ ತಗೋತಾರೆ?" ಎಂದು ಕೇಳಿದರು.

ಹೇಗೆ ಅಂದರೆ? ರಾತ್ರಿ ಮಲಗಿದ ಮೇಲೆ ನೆನಪಾಗುತ್ತದೆ, ನೀರಿಗಾಗಿ ಯಾರು ಏಳುತ್ತಾರೆಂದು ಒಣ ಮಾತ್ರೆಯನ್ನೇ ನುಂಗಿ ಮಗ್ಗುಲಾಗುತ್ತಾರೆ. ಹಾಗೆಂದೆ.

"ಅದೇ ನೋಡಿ. ಮಾತ್ರೆ ಕೆಳಗಿಳೀದೆ ಅನ್ನನಾಳದಲ್ಲೇ ಕೂತು ಸುಟ್ಟು ಹುಣ್ಣು ಮಾಡಿದೆ. ಗಡ್ಡೆ ಗಿಡ್ಡೆ ಏನೂ ಇಲ್ಲ. ಔಷಧಿ ಕೊಡ್ತೀನಿ, ಕೆಲವು ದಿನ ಗಂಜಿ ಕುಡಿಸಿ, ವಾಸಿಯಾಗುತ್ತೆ. ಇನ್ಮೇಲೆ ಮಾತ್ರೆ ನುಂಗೋದು ಕೂತ್ಕೊಂಡು, ಒಂದು ಲೋಟ ನೀರಿನ ಜೊತೆ."

ಡಾಕ್ಟರಮ್ಮನ ಕೈ ಹಿಡಿದುಕೊಂಡು ಏನೇನೋ ಬಡಬಡಿಸಿದೆ. ಒಳಗೆ ಹೋಗಿ ಅತ್ತೆಗೆ ಹೇಳಿದರೆ ಅವರು ನಂಬಲಿಲ್ಲ. "ನಂಗೆ ಸಮಾಧಾನಕ್ಕೆ ಹೇಳ್ತಿದೀಯ" ಎಂದರು. ಡಾಕ್ಟರಮ್ಮನೇ ಬಂದು ಗದರಿದ ಮೇಲೆ ನಂಬಿದರು. ಡಾಕ್ಟರು ಗದರದಿದ್ದರೆ ಅವರಿಗೆ ಯಾವುದೂ ನಿಜವೆನ್ನಿಸುವುದಿಲ್ಲ.

ಸಂಜೆಯ ಬಸ್ಸಿನಲ್ಲಿ ಅತ್ತೆ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದರು. ಊರು ಹತ್ತಿರವಾದಂತೆ ನನಗೆ ಮನೆಯ ಚಿಂತೆ ಶುರುವಾಯಿತು. ಏರಿಯ ಮೇಲೆ ಬಸ್ಸು ತಿರುಗುವ ಕಡೆ ಕೆರೆಯೆಲ್ಲ ಕಾಣುತ್ತದೆ. ಕಿಟಕಿಯಿಂದ ಕತ್ತು ಚಾಚಿ ನೋಡಿದೆ. ಮೊದಲು ಹುಣಸೆಮರ ಕಂಡಿತು, ಅದರ ಮೇಲೆ ನಮ್ಮ ಬಟ್ಟೆ. ಒಗೆಯುವ ಕಲ್ಲಿನ ಹತ್ತಿರ ಮನೆ ಇರಲಿಲ್ಲ. ಬಸ್ಸು ಇನ್ನಷ್ಟು ತಿರುಗಿತು. ಆಗ ನೀರಿನ ಅಂಚಿನಲ್ಲಿ ನಮ್ಮ ಹೆಂಚು, ನಮ್ಮ ಕಿಟಕಿ, ನಮ್ಮ ಜಗಲಿ. ಮುಂದಿನ ಎರಡು ಮೆಟ್ಟಿಲು ಕೆರೆಯೊಳಗಿದ್ದವು, ಮೂರನೆಯದು ಒಣಗಿತ್ತು. ಆ ಒಣ ಮೆಟ್ಟಿಲ ಮೇಲೆ ನನ್ನ ಗಂಡ ಪಂಚೆ ಎತ್ತಿಕಟ್ಟಿ, ಮೈಯೆಲ್ಲ ಕೆಸರಾಗಿ, ಬಸ್ಸಿನ ಕಡೆಗೇ ನೋಡುತ್ತಾ ಕೂತಿದ್ದರು. ಮನೆ ನಿಂತಿತ್ತು. ನಾನು ಕಿಟಕಿಯಿಂದಲೇ ಕೈ ಬೀಸಿ, "ಗಡ್ಡೆ ಇಲ್ವಂತೆ ರೀ!" ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಒಳಗೆ ಹೋಗಿ ನೋಡಿದರೆ ತೊಟ್ಟಿಯಲ್ಲಿ ಅರ್ಧ ಮರಳು ಮಾತ್ರ ಉಳಿದಿತ್ತು. ಹುಲ್ಲನ್ನು ನನ್ನ ಗಂಡ ಒಂದೊಂದಾಗಿ ತೊಳೆದು, ಸೈಕಲ್ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ನೆಟ್ಟಿದ್ದರು. ಗಾಜಿನ ಮೇಲೆ ಅಲ್ಲೊಂದು ಇಲ್ಲೊಂದು ಹುಳ. ನಾವು ನೋಡುತ್ತಿದ್ದ ಹಾಗೇ ಒಂದು ಮೆಲ್ಲಗೆ ಕೆಳಗಿಳಿದು, ಮರಳಿಗೆ ಮೂತಿ ಇಟ್ಟು, ಚೂಪು ಬಾಲವೊಂದೇ ಕಾಣುವಂತೆ ಒಳಗೆ ಹೋಯಿತು. ಅತ್ತೆ ಅದನ್ನು ನೋಡಿ ಕೈಮುಗಿದರು. ಆಮೇಲೆ ಅಭ್ಯಾಸದಂತೆ ತೊಟ್ಟಿಯ ಕಡೆ ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿ ನನ್ನ ಬಲಗೈ ಹುಡುಕಿ ಹಿಡಿದುಕೊಂಡರು.

"ಮೊಣಕೈಗಂಟ ಅದ್ದಿದ್ದಾಯ್ತಲ್ಲ, ಇನ್ನೇನು ಶಾಸ್ತ್ರ ಬಾಕಿ ಅದೆ" ಎಂದರು. ಆದರೂ ಅದ್ದಿದರು.

ಮನೆ ಹಳೆಯ ಜಾಗಕ್ಕೆ ವಾಪಸ್ಸು ಹೋಗಲಿಲ್ಲ. ಈಗ ಅದರ ಜಾಗ ಆ ನೀರಿನ ಅಂಚೇ. ರಂಗೋಲಿಯನ್ನು ಮೂರನೆಯ ಮೆಟ್ಟಿಲ ಮೇಲೆ ಪುಟ್ಟದಾಗಿ ಹಾಕುತ್ತೇನೆ, ಪಾತ್ರೆಯನ್ನು ಬಾಗಿಲಲ್ಲೇ ಕೂತು ತೊಳೆಯುತ್ತೇನೆ. ಮರಿ ಹುಳ ಇನ್ನೂ ಮಿತಿಮೀರಿ ಇದ್ದವು. ಒಂದು ಹೋಳು ಸೌತೆಕಾಯಿಯನ್ನು ಮರಳ ಮೇಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅದಕ್ಕೆ ಮುತ್ತಿಕೊಂಡಿರುತ್ತಿದ್ದವು, ಹೋಳು ಸಮೇತ ಎತ್ತಿ ಕೊಡುತ್ತಿದ್ದೆ. ಕೆರೆಯ ಅಂಚಿನಲ್ಲಿ ಮನೆ ಹಿಡಿದು ನಿಲ್ಲಿಸಿದ ಹುಳ ಎಂದು ಈಗ ಅವಕ್ಕೆ ಬಹಳ ಬೇಡಿಕೆ. ಮೊದಲು ಬಂದು ತಂಬಿಗೆ ಒಡ್ಡಿದವರು ಕೆಂಪರಾಜಣ್ಣ. ಮೇಲುಬೀದಿಯವು ಎಂದು ನೆನಪು ಮಾಡಿ ಕೊಟ್ಟೆ.

ಗಂಜಿಯ ದಿನಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆಗೆ ಮುದ್ದೆ ಬಡಿಸಿದೆ. ನಿಂಬೆಹಣ್ಣಿನಷ್ಟು ಚಿಕ್ಕದು, ಬಿಸಿ ಆರಿಸಿ, ಸೊಪ್ಪಿನ ಸಾರಿನಲ್ಲಿ ಮುಳುಗಿಸಿ. ನನ್ನ ಗಂಡ ಬಾಗಿಲಲ್ಲಿ ನಿಂತರು, ನಾನು ಎದುರಿಗೇ ಕೂತೆ. ಅತ್ತೆ ತುತ್ತು ಮುರಿದರು, ಸಾರಿನಲ್ಲಿ ಹೊರಳಿಸಿದರು, ಬಾಯಿಗಿಟ್ಟು ಕಣ್ಣು ಮುಚ್ಚಿ ನುಂಗಿದರು. ನಾವಿಬ್ಬರೂ ಅವರ ಗಂಟಲನ್ನೇ ನೋಡುತ್ತಿದ್ದೆವು. ತುತ್ತು ಇಳಿಯಿತು. ಅತ್ತೆ ಕಣ್ಣು ಬಿಟ್ಟು ನನ್ನ ಕಡೆ ನೋಡಿ, "ಸಾರಿಗೆ ಉಪ್ಪು ಕಮ್ಮಿ ಆಗದೆ ಕಣಮ್ಮಿ" ಎಂದರು.

ಉಪ್ಪು ತರಲು ಎದ್ದ ನಾನು ಅಡುಗೆಮನೆಯಲ್ಲಿ ಡಬ್ಬಿ ಹಿಡಿದು ನಿಂತೇಬಿಟ್ಟೆ. ಅಳು ನಿಂತ ಮೇಲೆ ಹೋಗಿ ಬಡಿಸಿದೆ.